ಹಂಪನಕಟ್ಟೆಯ ಹಳೆ ಪುಸ್ತಕದಂಗಡಿ: ಒಮ್ಮೆ ಮೆಟ್ಟಿಲು ಹತ್ತಿ ನೋಡಿ

ಮಂಗಳೂರಿನ ಹಂಪನಕಟ್ಟೆ ಹತ್ತಿರ ಹಳೆ ಕಟ್ಟಡವೊಂದರ ಮಾಳಿಗೆಯಲ್ಲಿದೆ ಈ ಅಂಗಡಿ. ಮೆಟ್ಟಿಲು ಕಡಿದಾಗಿದೆ, ವಯಸ್ಸಾದವರಿಗೆ ಕಷ್ಟ. ಕಾರು ನಿಲ್ಲಿಸಲು ಜಾಗ ಇಲ್ಲ, ಬಸ್ಸಿನಲ್ಲೇ ಹೋಗಿ. ಪುಸ್ತಕ ಹೆಚ್ಚಾಗಿ ಅರ್ಧ ರೇಟಿಗೆ ಸಿಗುತ್ತದೆ, ಹಳೆ ವಾರಪತ್ರಿಕೆ ಒಂದಕ್ಕೆ 20 ರೂಪಾಯಿ. ಮಳೆಗಾಲದಲ್ಲಿ ಕೆಳಗಿನ ಸಾಲಿನವು ಪಸೆ ಹಿಡಿದು ಹಾಳೆ ಉಬ್ಬಿರುತ್ತವೆ, ಬಿಡಿಸಿ ನೋಡಿಯೇ ತಗೊಳ್ಳಿ.

ನಾನು ಹೋದದ್ದು ಹಾಂಗ್‌ಕಾಂಗ್ ಬಗ್ಗೆ ಓದಲಿಕ್ಕೆ. ಅಕ್ಕನ ಮಗ ಅಲ್ಲಿ ಕೆಲಸದಲ್ಲಿದ್ದಾನೆ. 2019ರಲ್ಲಿ ಅಲ್ಲಿನ ಜನ ಸರ್ಕಾರದ ವಿರುದ್ಧ ಲಕ್ಷಗಟ್ಟಲೆ ಬೀದಿಗಿಳಿದಾಗ ದಿನಾ ಫೋನ್ ಮಾಡಿ ಎಲ್ಲ ಹೇಳುತ್ತಿದ್ದ. 2020ರ ಜೂನ್ 30ಕ್ಕೆ ಚೀನಾ ಅಲ್ಲಿ ರಾಷ್ಟ್ರೀಯ ಭದ್ರತಾ ಕಾನೂನು ತಂತು, ಸರ್ಕಾರದ ವಿರುದ್ಧ ಮಾತಾಡಿದರೂ ಜೈಲಿಗೆ ಹಾಕಬಹುದಾದ ಕಾನೂನು. ಆಮೇಲೆ ಏನು ಕೇಳಿದರೂ "ಚಿಕ್ಕಮ್ಮ, ಊಟ ಆಯ್ತಾ, ಅಲ್ಲಿ ಮಳೆ ಉಂಟಾ" ಅಂತ ಮಾತು ತಿರುಗಿಸುತ್ತಾನೆ. ನನಗೆ ಹೊಟ್ಟೆಯೊಳಗೆ ಸಂಕಟ.

ಪತ್ರಿಕೆಗಳ ಕಟ್ಟೊಂದರಲ್ಲಿ 1997ರ ಜುಲೈ ಸಂಚಿಕೆ ಸಿಕ್ಕಿತು, ಬ್ರಿಟನ್ ಹಾಂಗ್‌ಕಾಂಗನ್ನು ಚೀನಾಕ್ಕೆ ಒಪ್ಪಿಸಿದ ಸಮಯದ್ದು. ಜೋರು ಮಳೆಯಲ್ಲಿ ಪ್ರಿನ್ಸ್ ಚಾರ್ಲ್ಸ್ ಭಾಷಣ ಓದುತ್ತಿರುವ ಫೋಟೋ, ಸಮವಸ್ತ್ರ ಪೂರ್ತಿ ಒದ್ದೆ. ಎರಡೂ ಸರ್ಕಾರಗಳು 1984ರಲ್ಲೇ ಒಪ್ಪಂದಕ್ಕೆ ಸಹಿ ಹಾಕಿದ್ದವು. 50 ವರ್ಷ, ಅಂದರೆ 2047ರವರೆಗೆ ಅಲ್ಲಿನ ಬದುಕು ಇದ್ದ ಹಾಗೇ ಇರಬೇಕು. ಮಾತು, ಪತ್ರಿಕೆ, ಸಭೆ, ಮೆರವಣಿಗೆ ಎಲ್ಲದಕ್ಕೂ ಸ್ವಾತಂತ್ರ್ಯ ಅಂತ ಬರೆದೇ ಇತ್ತು. ಆ ಮಾತುಕತೆಯಲ್ಲಿ ಹಾಂಗ್‌ಕಾಂಗಿನ ಜನರಿಗೇ ಒಂದು ಕುರ್ಚಿ ಇರಲಿಲ್ಲ. ಊರು ಕೈ ಬದಲಾಗುವಾಗ ಆ ಊರಿನವರನ್ನೇ ಕೇಳದಿದ್ದರೆ ಹೇಗೆ?

ನಾನು ಅದನ್ನೇ ನೋಡುತ್ತಾ ನಿಂತಿದ್ದಾಗ ಅಂಗಡಿಯವರು ಹತ್ತಿರ ಬಂದರು. "ಅಕ್ಕ, ಅಲ್ಲಿ ನಮ್ಮಂಥ ಪುಸ್ತಕದಂಗಡಿಯವರಿಗೆ ಆದದ್ದು ಗೊತ್ತುಂಟಾ?" ಅಂತ ಕೇಳಿ ಕಾಸ್‌ವೇ ಬೇ ಬುಕ್ಸ್ ಕಥೆ ಹೇಳಿದರು. ಚೀನಾದಲ್ಲಿ ನಿಷೇಧವಾದ ಪುಸ್ತಕ ಮಾರುತ್ತಿದ್ದ ಅಂಗಡಿ ಅದು. 2015ರ ಕೊನೆಯಲ್ಲಿ ಅದಕ್ಕೆ ಸೇರಿದ ಐದು ಮಂದಿ ಒಬ್ಬೊಬ್ಬರಾಗಿ ಕಾಣೆಯಾದರು. ಅವರಲ್ಲಿ ಲ್ಯಾಮ್ ವಿಂಗ್-ಕೀ 2016ರಲ್ಲಿ ವಾಪಸ್ ಬಂದು, ತಮ್ಮನ್ನು ಚೀನಾದಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದ್ದನ್ನು ಪತ್ರಕರ್ತರ ಮುಂದೆ ಬಿಚ್ಚಿಟ್ಟರು. ಅವರು 2020ರಲ್ಲಿ ಅದೇ ಹೆಸರಿನ ಅಂಗಡಿಯನ್ನು ತೈವಾನಿನ ತೈಪೆಯಲ್ಲಿ ತೆರೆದರು. "ಪುಸ್ತಕ ಮಾರಿದ್ದಕ್ಕೆ ಅಕ್ಕ, ಪುಸ್ತಕ ಮಾರಿದ್ದಕ್ಕೆ!" ಅಂದರು, ಅವರ ಸ್ವರ ನಡುಗುತ್ತಿತ್ತು.

ನೋಡಿ, ಕಾನೂನು ಬಂದದ್ದು 2020ರಲ್ಲಿ. ಪುಸ್ತಕದಂಗಡಿ ಹೋದದ್ದು ಅದಕ್ಕಿಂತ ಐದು ವರ್ಷ ಮೊದಲು. ಹಾಗಾಗಿ ಒಪ್ಪಂದದಲ್ಲಿ ಏನು ಬರೆದಿದೆ ಅನ್ನುವುದಕ್ಕಿಂತ ಇಂಥ ಸಣ್ಣ ಅಂಗಡಿಗಳ ಬಾಗಿಲು ತೆರೆದಿದೆಯಾ ಅಂತಲೇ ನಾನು ಮೊದಲು ನೋಡುತ್ತೇನೆ.

ಇಲ್ಲಿ ಎಡದವರ ಪುಸ್ತಕ, ಬಲದವರದ್ದು, ದೇವರದ್ದು, ದೇವರಿಲ್ಲ ಅನ್ನುವವರದ್ದು ಎಲ್ಲ ಒಂದೇ ಕಪಾಟಿನಲ್ಲಿವೆ. ಬಿಲ್ಲು ಬರೆಯುವಾಗ ಹೆಸರು, ಫೋನ್ ನಂಬರ್ ಯಾವುದನ್ನೂ ಕೇಳುವುದಿಲ್ಲ. ನನಗೆ ಇದು ಎಲ್ಲಕ್ಕಿಂತ ಜಾಸ್ತಿ ಇಷ್ಟವಾಯಿತು.

ಚೀನಾ ಸರ್ಕಾರವನ್ನು ಟೀಕಿಸುತ್ತಿದ್ದ ಹಾಂಗ್‌ಕಾಂಗಿನ ಆ್ಯಪಲ್ ಡೈಲಿ ಪತ್ರಿಕೆ 2021ರ ಜೂನ್ 24ಕ್ಕೆ ನಿಂತುಹೋಯಿತಲ್ವಾ, ಆ ಸಮಯದ ವಾರಪತ್ರಿಕೆ ಬಂದರೆ ನನಗೆ ಎತ್ತಿಡಿ ಅಂತ ಹೇಳಿ ಬಂದಿದ್ದೇನೆ.