ಹಾಸನದ ಭಾನುವಾರದ ಸಂಶೋಧನಾ ವಿಧಾನ ಕೋರ್ಸು: 384ರ ಹುಚ್ಚೊಂದಿಲ್ಲದಿದ್ದರೆ

ಎಂಜಿನಿಯರಿಂಗ್, ನರ್ಸಿಂಗ್, ಕೃಷಿ ಓದಿದವರಿಗೆ ಸಮಾಜಶಾಸ್ತ್ರ ಹೇಳಿಕೊಡುವ ಕೋರ್ಸಿದು. ಸಿಲಬಸ್ಸು ಕರಪತ್ರದಲ್ಲೇ ಇದೆ, ಬಿಡಿ. ಮುಗಿದು ವರ್ಷ ಕಳೆದರೂ ಕೈಯಲ್ಲಿ ಉಳಿಯುವುದು ಟಿಪ್ಪಣಿ ಬರೆಯುವ ಅಭ್ಯಾಸ.

ಉದ್ದನೆಯ ನೋಟ್‌ಬುಕ್ಕು. ಎಡಪುಟದಲ್ಲಿ ಕಂಡದ್ದು, ಕೇಳಿದ್ದು ಮಾತ್ರ, ಅದೂ ಆಡಿದವರ ಮಾತಿನಲ್ಲೇ. ಬಲಪುಟದಲ್ಲಿ ನಮ್ಮ ಅನಿಸಿಕೆ. ಮೇಲೆ ತಾರೀಖು, ಜಾಗ, ಮಾತಾಡುವಾಗ ಪಕ್ಕದಲ್ಲಿ ಯಾರಿದ್ದರು ಎಂಬುದು. ಅವತ್ತಿನದನ್ನು ಅವತ್ತೇ ಬರೆಯಬೇಕು. ಮಾರನೆಯ ದಿನಕ್ಕೆ ಬಿಟ್ಟರೆ ಮಾತು ಹೋಗಿ ಸಾರಾಂಶ ಉಳಿಯುತ್ತದೆ. 'ಕೂಲಿಯವರು ಖುಷಿಯಾಗಿದ್ದಾರೆ' ಎಂದು ಎಡಗಡೆ ಬರೆದರೆ ಮೊದಲರ್ಧದ ಪಾಠ ಮಾಡುವ ಮೇಡಂ ಕೆಂಪು ಗೀಟು ಎಳೆಯುತ್ತಾರೆ: ನಕ್ಕದ್ದು ಎಡಕ್ಕೆ, ಖುಷಿ ಬಲಕ್ಕೆ.

ಥಿಯರಿಯೂ ಇದೇ ಪುಸ್ತಕದಿಂದ ಏಳುತ್ತದೆ. ಗ್ರಾಮಸಭೆಯಲ್ಲಿ ಯಾರು ಕುರ್ಚಿಯಲ್ಲಿ, ಯಾರು ನಿಂತೇ ಇದ್ದರು ಎಂದು ಮೊದಲು ಬರೆಸಿ, ಆಮೇಲೆ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ 'ಪ್ರಬಲ ಜಾತಿ'ಗೆ, ಅಂದರೆ ತಲೆಯೂ ಜಮೀನೂ ಜಾಸ್ತಿಯಿದ್ದು ಊರಿನ ಮೇಲೆ ಹಿಡಿತವಿರುವ ಜಾತಿಗೆ, ಬರುತ್ತಾರೆ. ಮೈಸೂರು ಸೀಮೆಯಲ್ಲಿ, ಅವರು ರಾಂಪುರ ಎಂದು ಕರೆದ ಹಳ್ಳಿಯಲ್ಲಿ 1948ರಲ್ಲಿ ಕಂಡದ್ದು ಸಕಲೇಶಪುರದ ತೋಟಗಳಿಗೆ ಒಗ್ಗುತ್ತದೆಯೇ? ತಲೆ ಕಡಿಮೆ, ಜಮೀನು ಜಾಸ್ತಿ ಇದ್ದರೆ? ಈ ಚರ್ಚೆಗೇ ಕೊಟ್ಟ ದುಡ್ಡು ಸಾರ್ಥಕ.

ದ್ವಿತೀಯಾರ್ಧದಲ್ಲಿ ಮೇಷ್ಟ್ರು ಬದಲು. ಯಾವ ವಿಷಯವಿದ್ದರೂ 'ಸ್ಯಾಂಪಲ್ 384 ಮಾಡಿ' ಎನ್ನುತ್ತಾರೆ, ಅಂದರೆ 384 ಜನರನ್ನು ಆರಿಸಿ ಕೇಳಿ ಎಂದು. ಲೆಕ್ಕ ನೂರಕ್ಕೆ 95 ಸಲ ಸರಿಯಿರಬೇಕು, ತಪ್ಪು ಆಚೀಚೆ ಶೇಕಡಾ 5 ಮೀರಬಾರದು ಎಂದಿಟ್ಟುಕೊಂಡು, 1.96ರ ವರ್ಗವನ್ನು 0.25ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ದೊಡ್ಡ ಜನಸಂಖ್ಯೆಯ ಪೂರ್ತಿ ಪಟ್ಟಿ ಕೈಯಲ್ಲಿದ್ದು, ಚೀಟಿ ಎತ್ತಿದಂತೆ ಆರಿಸಿದರಷ್ಟೇ ಅದಕ್ಕೆ ಅರ್ಥ. ತೋಟದಲ್ಲಿ ಎಲ್ಲಿಯ ಪಟ್ಟಿ? ತೋಟದ ಗುಮಾಸ್ತ, ಅಂದರೆ ರೈಟರ್, ಇಡುವ ಹಾಜರಿ ಪುಸ್ತಕದಲ್ಲಿ ಗುತ್ತಿಗೆಯಲ್ಲಿ ಬಂದವರ ಹೆಸರು ಇರದೆಯೂ ಹೋಗಬಹುದು. ರೈಟರೇ ಕರೆತಂದು ನಿಲ್ಲಿಸಿದವರು 384 ಜನ ಆದರೂ ಪ್ರಯೋಜನವಿಲ್ಲ. ಚೀಟಿ ಎತ್ತಿಯೇ ತೋಟಗಳನ್ನು ಆರಿಸಿ, ತೋಟಕ್ಕೆ 20 ಜನರಂತೆ ಮಾತಾಡಿಸಿದರೂ ಒಂದೇ ಲೈನಿನವರ, ಅಂದರೆ ಒಂದೇ ಸಾಲುಮನೆಯ ಕೂಲಿಯವರ, ಉತ್ತರ ಒಂದನ್ನೊಂದು ಹೋಲುತ್ತದೆ. ಆ ಹೋಲಿಕೆ (ಸೊನ್ನೆ ಎಂದರೆ ಹೋಲಿಕೆಯೇ ಇಲ್ಲ, ಒಂದು ಎಂದರೆ ಎಲ್ಲರದೂ ಒಂದೇ ಉತ್ತರ) 0.1 ಅಂದುಕೊಂಡರೂ, ತೋಟದ ಉಳಿದ 19 ಜನರನ್ನು ಲೆಕ್ಕಕ್ಕೆ ಹಿಡಿದರೆ 1 + 19×0.1 = 2.9. 384ನ್ನು ಇದರಿಂದ ಭಾಗಿಸಬೇಕು. ಅಂದರೆ 384 ಜನರ ಮಾಹಿತಿ ಸುಮಾರು 132 ಜನರದಷ್ಟೇ ತೂಗುತ್ತದೆ. ಇದನ್ನು ಕೇಳಿದರೆ 'ಗೈಡ್ ಒಪ್ಪಿದರೆ ಸಾಕು' ಎಂಬ ಉತ್ತರ.

ಪ್ರಶ್ನಾವಳಿಯ ಕಥೆಯೂ ಅಷ್ಟೆ. 'ಕೂಲಿ ಮತ್ತು ಮನೆ ತೃಪ್ತಿಕರವೇ?' ಎಂದು ಎರಡನ್ನು ಒಂದರಲ್ಲಿ ತುರುಕಿದ್ದಾರೆ. ಐದು ಹಂತದ ಆಯ್ಕೆ ಕೊಟ್ಟರೆ ಎಲ್ಲರೂ 'ಪರ್ವಾಗಿಲ್ಲ' ಎಂದು ನಡುವಿನದಕ್ಕೇ ಬರುತ್ತಾರೆ. ಹತ್ತು ಜನರ ಹತ್ತಿರ ಮೊದಲೇ ಕೇಳಿ ನೋಡಿದ್ದರೆ ಎರಡೂ ಗೊತ್ತಾಗುತ್ತಿತ್ತು.

ಮೊದಲರ್ಧಕ್ಕೆ ಮಾತ್ರ ಸೇರಲು ಬಿಡುತ್ತಾರೆ, ಶುಲ್ಕವೂ ಅರ್ಧ. ಹಾಗೆ ಸೇರಿ. ಸ್ಯಾಂಪಲಿಂಗಿಗೆ ಸಂಖ್ಯಾಶಾಸ್ತ್ರದ ಮೇಷ್ಟ್ರನ್ನು ಬೇರೆಯಾಗಿ ಹಿಡಿಯಿರಿ.