ಎರಡನೇ ದರ್ಜೆಯ ಇಂಗ್ಲಿಷ್ ರಗ್ಬಿ: 2009-10 ನೋಡಬೇಕೋ, 2017-18 ನೋಡಬೇಕೋ?

ಇಂಗ್ಲೆಂಡಿನ ರಗ್ಬಿ ಸಂಸ್ಥೆ ಆರ್‌ಎಫ್‌ಯು ನಡೆಸುವ ಎರಡನೇ ದರ್ಜೆಯ ಲೀಗ್ ಆರ್‌ಎಫ್‌ಯು ಚಾಂಪಿಯನ್‌ಶಿಪ್‌ನ ಒಂದೇ ಋತುವನ್ನು ಪೂರ್ತಿ ಅನುಸರಿಸಿ ಲೀಗ್ ಅರ್ಥಮಾಡಿಕೊಳ್ಳುವವರಿಗೆ ಈ ಎರಡು ಒಳ್ಳೆಯ ಆಯ್ಕೆ. ಎರಡರಲ್ಲೂ 12 ತಂಡ, ತಲಾ 22 ಲೀಗ್ ಪಂದ್ಯ. ಅಂಕಗಳ ಲೆಕ್ಕವೂ ಪರಿಚಿತವೇ: ಗೆದ್ದರೆ 4, ಡ್ರಾ ಆದರೆ 2, ನಾಲ್ಕು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತುವುದು) ಹೊಡೆದರೆ ಬೋನಸ್ 1, ಏಳು ಅಂಕ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೂ 1.

ವ್ಯತ್ಯಾಸ ಇರುವುದು 22 ಪಂದ್ಯ ಮುಗಿದ ಮೇಲೆ. 2009-10ರಲ್ಲಿ ಬ್ರಿಸ್ಟಲ್ ಪಟ್ಟಿಯ ತುದಿಯಲ್ಲಿತ್ತು, ಆದರೆ ಅದರಿಂದ ಮೊದಲ ದರ್ಜೆಯ ಪ್ರೀಮಿಯರ್‌ಶಿಪ್‌ಗೆ ಬಡ್ತಿ ಸಿಗಲಿಲ್ಲ. ಮೊದಲ ಎಂಟು ತಂಡಗಳು ಎರಡು ಗುಂಪಾಗಿ ಮತ್ತೆ ಆಡಿದವು. ಆಮೇಲೆ ಸೆಮಿಫೈನಲ್, ಎರಡು ಲೆಗ್‌ಗಳ ಫೈನಲ್ (ಎರಡೂ ತಂಡಗಳ ಅಂಗಳದಲ್ಲಿ ಒಂದೊಂದು ಪಂದ್ಯ, ಅಂಕಗಳ ಒಟ್ಟು ಲೆಕ್ಕ). ಫೈನಲ್‌ನಲ್ಲಿ ಬ್ರಿಸ್ಟಲ್ ಎದುರು ಎಕ್ಸೆಟರ್ ತವರಿನಲ್ಲಿ 9-6ರಿಂದ ಗೆದ್ದಿತು. ಬರೀ ಮೂರು ಅಂಕದ ಮುನ್ನಡೆ, ಸಾಲದು ಅನ್ನಿಸುವಷ್ಟು. ಆದರೆ ಬ್ರಿಸ್ಟಲ್‌ನ ಅಂಗಳದಲ್ಲೇ ಎಕ್ಸೆಟರ್ 29-10ರಿಂದ ಗೆದ್ದಿತು. ಅದರಲ್ಲಿ 24 ಅಂಕ ಎಕ್ಸೆಟರ್‌ನ ಗ್ಯಾರೆತ್ ಸ್ಟೀನ್ಸನ್ ಒಬ್ಬರದೇ. ಇಂಥ ವ್ಯವಸ್ಥೆಯಲ್ಲಿ ಚಳಿಗಾಲವಿಡೀ ದುಡಿದವರ ಫಲ ಮೇ ತಿಂಗಳ ಎರಡು ಪಂದ್ಯಗಳಲ್ಲಿ ಕೈತಪ್ಪಬಹುದು. ಬ್ರಿಸ್ಟಲ್‌ಗೆ ಇದು ಮುಂದೆಯೂ ಆಯಿತು: 2015ರ ಫೈನಲ್‌ನಲ್ಲಿ ವೂಸ್ಟರ್ ಎದುರು ಎರಡೂ ಪಂದ್ಯ ಸೇರಿ ಒಟ್ಟು 58-59ರಿಂದ ಸೋಲು.

2017-18ರ ಹೊತ್ತಿಗೆ ಪ್ಲೇಆಫ್ ಕೈಬಿಟ್ಟಿದ್ದರು. ತುದಿಯಲ್ಲಿದ್ದವರಿಗೆ ನೇರ ಬಡ್ತಿ. ಪ್ಯಾಟ್ ಲ್ಯಾಮ್ ತರಬೇತಿಯ ಬ್ರಿಸ್ಟಲ್ ಕೊನೆಯ ಸುತ್ತಿಗೆ ಮೊದಲೇ ಅದನ್ನು ಖಚಿತ ಮಾಡಿಕೊಂಡಿತು. ನ್ಯಾಯ ಸರಿ, ರೋಚಕತೆ ಕಮ್ಮಿ.

ತಂಡ ಕಟ್ಟುವ ಬಗೆ, ಬೋನಸ್ ಅಂಕದ ಬೆಲೆ ತಿಳಿಯಬೇಕಿದ್ದರೆ 2017-18. ಮಿಕ್ಕವರಿಗೆಲ್ಲ 2009-10, ಸಮಯವಿಲ್ಲದಿದ್ದರೆ ಆ ವರ್ಷದ ಫೈನಲ್‌ನ ಎರಡು ಪಂದ್ಯಗಳಷ್ಟೇ ಸಾಕು.