ಸಿದ್ದಿ ಕೌದಿ ತಗೊಂಡೆ: ಮಾಲು ಭಾರಿ ಚಲೋ, ಬೋರ್ಡೇ ಸರಿ ಇಲ್ಲ

ಕೊಪ್ಪಳದಾಗ ಕರಕುಶಲ ಮೇಳ ಹಾಕಿದ್ರಲ್ಲ, ಅಲ್ಲಿ ಒಂದು ಸ್ಟಾಲ್ ಮ್ಯಾಲೆ 'ಅಸಲಿ ಆಫ್ರಿಕನ್ ಆರ್ಟ್' ಅಂತ ದೊಡ್ಡ ಬೋರ್ಡ್, ಒಳಗ ಹೋಗಿ ನೋಡಿದ್ರ ಕೌದಿ! ಹಳಿಯಾಳ ಕಡೆ ಸಿದ್ದಿ ಹೆಣ್ಮಕ್ಕಳು ಕೈಲೆ ಹೊಲಿದಿದ್ದು. ಸಿದ್ದಿ ಅಂದ್ರ ಮೂಲ ಆಫ್ರಿಕಾದೋರು, ತಲೆತಲಾಂತರದಿಂದ ಇಲ್ಲೇ ಇರೋ ನಮ್ಮ ಮಂದಿನೇ. ಡಬಲ್ ಬೆಡ್‌ದು 2,800 ರೂಪಾಯಿ, ಚೌಕಾಸಿ ಮಾಡ್ಲಿಲ್ಲ, ಹೊಲಿಗಿ ನೋಡಿದ ಮ್ಯಾಲೆ ಬಾಯಿ ಬರಲಿಲ್ಲ.

ಹಳೇ ಸೀರಿ, ಅಂಗಿ, ಲಂಗದ ತುಣುಕು ಕೂಡ್ಸಿ ಅಂಚಿಂದ ಸುತ್ತುಹಾಕ್ಕೋತ ನಡುವಿಗೆ ಬರೋ ಹಂಗ ಹೊಲಿದಾರ, ಟಾಕಿ ಒಂದೂ ಹಾದಿ ತಪ್ಪಿಲ್ಲ. ನಾಕೂ ಮೂಲ್ಯಾಗ ಬಟ್ಟಿ ಮಡಚಿ ಹೂ ಇಟ್ಟಾರ, ಅದಿಲ್ಲಂದ್ರ ಕೌದಿ ಬತ್ತಲೆ ಇದ್ದಂಗ ಅಂತಾರಂತ ಅವರಲ್ಲಿ. ನಮ್ಮವ್ವ ಮುಟ್ಟಿ ನೋಡಿ ಅರ್ಧ ತಾಸು ಅದರ ಮ್ಯಾಲೇ ಕುಂತ್ಲು, ಆಕಿನೂ ಕೌದಿ ಹೊಲಿಯಾಕಿನೇ.

ಬೋರ್ಡ್ ಹಾಕಿದ್ದು ಮೇಳದೋರು. ಮಾರಾಕ ಕುಂತಿದ್ದ ಅಕ್ಕಗ ಬಂದೋರೆಲ್ಲ ಯಾವ ದೇಶ, ಕನ್ನಡ ಯಾವಾಗ ಕಲ್ತಿ, ಒಂದು ಸೆಲ್ಫಿ ಕೊಡು ಅಂತ ಗಂಟುಬಿದ್ದಿದ್ರು. 'ಬೋರ್ಡ್ ನೋಡಿ ಬರ್ತಾರಣ್ಣ, ಕೌದಿ ನೋಡಂಗಿಲ್ಲ, ನನ್ನ ಕೂದಲಾ ನೋಡ್ತಾರ' ಅಂದ್ಲು. ಹಂಗಂತ ಆಫ್ರಿಕಾ ಅಂದ್ರ ಆಕಿಗೇನು ನಾಚಿಕಿಲ್ಲ, ಪೋರ್ಚುಗೀಸರು ಗೋವಾಕ್ಕ ಗುಲಾಮರನ್ನ ಮಾಡಿ ತಂದಿದ್ದು, ಹಿರೇರು ತಪ್ಪಿಸ್ಕೊಂಡು ಕಾಡು ಸೇರಿದ್ದು, ಹಬ್ಬದಾಗ ಡಮಾಮಿ ಡೋಲು ಬಾರ್ಸೋದು ಎಲ್ಲಾ ತಾನಾಗೇ ಹೇಳಿದ್ಲು, ಖುಷಿಲೆ ಹೇಳಿದ್ಲು. ಸಿಟ್ಟು ಬರೋದು ಬ್ಯಾರೇದೋರು ತಮಗ ಬೇಕಾದಾಗ ಆಫ್ರಿಕಾ ತಗದ್ರ. 1987ರಾಗ ಇವರು ಓಟದಾಗ ಮೆಡಲ್ ತರ್ತಾರ ಅಂತ ಸ್ಪೋರ್ಟ್ಸ್ ಅಥಾರಿಟಿಯೋರು ಸಿದ್ದಿ ಹುಡುಗರನ್ನ ಆರಿಸಿ ಒಯ್ದ್ರು, ಮುಂದ ಆ ಸ್ಕೀಮೇ ನಿಂತೋತು. ಎಸ್‌ಟಿ ಪಟ್ಟಿಗೆ ಸೇರಾಕ ಮಾತ್ರ ಉತ್ತರ ಕನ್ನಡದೋರು 2003ರ ತನಕ, ಬೆಳಗಾವಿ ಧಾರವಾಡದೋರು 2020ರ ತನಕ ಕಾದ್ರು.

ಇನ್ನ ಆಫ್ರಿಕಾ ಮೂಲದೋರು ನಮ್ಮ ನಡುವ ಇರೋದು ನಮ್ಮ ಮಂದಿಗೆ ಏನು ಹೊಸದು ಅಂತೀನಿ? ರಾಯಚೂರು ಕೋಟಿ ಆಳಿದ ವಿಜಾಪುರ ದರ್ಬಾರದಾಗ ಇಖ್ಲಾಸ್ ಖಾನ್ ಅನ್ನೋ ಹಬ್ಶಿ, ಅಂದ್ರ ಆಫ್ರಿಕಾ ಮೂಲದೋನು, ವಜೀರನೇ ಆಗಿದ್ದ.

ಕೌದಿಗೆ ಐದಕ್ಕ ಐದು, ಮೇಳದೋರಿಗೆ ಒಂದು. ಬೋರ್ಡ್ ಮ್ಯಾಲೆ ಏನ್ ಬರೀಬೇಕು ಅಂತ ಮುಂದಿನ ಸಲ ಆ ಅಕ್ಕನ್ನೇ ಕೇಳ್ರಿ. ತಗೊಳ್ಳೋರಿಗೆ ಒಂದು ಮಾತು, ಬಣ್ಣ ಬಿಡತೈತಿ, ಮೊದಲ ಸಲ ತಣ್ಣೀರಾಗ ಬ್ಯಾರೇನೇ ಒಗೀರಿ, ಮಷಿನ್‌ಗೆ ಹಾಕಬ್ಯಾಡ್ರಿ.